ಮಳೆಕಾಡಿನ ಹಾದಿಗೆ ಆಗುಂಬೆಯೋ, ಮಡಿಕೇರಿಯೋ?

ತುಮಕೂರಿನಿಂದ ಬೆನ್ನಿಗೆ ಚೀಲ ಏರಿಸಿಕೊಂಡು ಹೊರಡುವವರಿಗೆ ಆಗುಂಬೆಯ ದಾರಿಯೇ ಸಲೀಸು. ಅರಸೀಕೆರೆ, ಬೀರೂರು ಮಾರ್ಗವಾಗಿ ಶಿವಮೊಗ್ಗದವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ತೀರ್ಥಹಳ್ಳಿಯ ಮೂಲಕ ಬಸ್ಸಿನಲ್ಲಿ ತಲುಪಬಹುದು. ಕೊಡಗಿಗೆ ರೈಲೇ ಇಲ್ಲದಿರುವುದರಿಂದ ಮಡಿಕೇರಿಗೆ ಬಸ್ಸನ್ನೇ ನಂಬಬೇಕು. ಅಲ್ಲಿ ಹೋಮ್‌ಸ್ಟೇಗಳಿಗೆ ಬರವಿಲ್ಲ, ಆದರೆ ವಾರಾಂತ್ಯದ ಸಂಜೆ ರಾಜಾಸೀಟಿನಲ್ಲಿ ಬೆಟ್ಟಗಳಿಗಿಂತ ಜನರ ತಲೆಗಳೇ ಹೆಚ್ಚು ಕಾಣುತ್ತವೆ. ಆಗುಂಬೆಯಾದರೋ ಸಣ್ಣ ಊರು, ತಂಗುವ ಮನೆಗಳು ಕೆಲವೇ. ವರ್ಷಕ್ಕೆ ಸುಮಾರು 7000 ಮಿಲಿಮೀಟರ್ ಮಳೆ ಸುರಿಯುವ, ಕಾಳಿಂಗ ಸರ್ಪಗಳಿಗೆ ಹೆಸರಾದ ಆ ಕಾಡಿನಂಚಿನಲ್ಲಿ ಜುಲೈ ತಿಂಗಳಲ್ಲಿ ಉಳಿದರೆ, ನಮ್ಮ ಬಯಲುಸೀಮೆಯಲ್ಲಿ ಗಂಟೆಯೊಳಗೆ ಒಣಗುವ ಟವೆಲ್ಲು ದಿನಗಟ್ಟಲೆ ಹಸಿಯಾಗಿಯೇ ಇರುತ್ತದೆ ಮತ್ತು ಕಾಲ್ಚೀಲದೊಳಕ್ಕೆ ಇಂಬಳ ನುಸುಳುತ್ತದೆ. ಕಾಡನ್ನೇ ನೋಡಬೇಕೆನ್ನುವವರಿಗೆ ನನ್ನ ಮತ ಆಗುಂಬೆಗೆ. ಅರಬ್ಬೀ ಸಮುದ್ರದ ಕಡೆಗೆ ಇಳಿಯುವ ಸೂರ್ಯನೂ ಬೇಕೆಂದರೆ ಮಳೆಗಾಲ ಮುಗಿದ ಮೇಲೆ ಹೋಗುವುದು ಲೇಸು.