ಹಳೇ ವಿಂಟೇಜ್ ಪೋರ್ಟ್ ತಗೋಳೋದಾ, ಮಡೈರಾ ತಗೋಳೋದಾ?

ಎರಡೂ ವೈನೇ, ಪೋರ್ಚುಗಲ್‌ದೇ, ಎರಡಕ್ಕೂ ದ್ರಾಕ್ಷಿ ಸ್ಪಿರಿಟ್ ಸೇರಿಸ್ತಾರೆ, ಆದ್ರೆ ಹಳೇದಾಗೋ ರೀತಿನೇ ಬೇರೆ. ವಿಂಟೇಜ್ ಪೋರ್ಟ್ (ವಿಂಟೇಜ್ ಅಂದ್ರೆ ಒಂದೇ ವರ್ಷದ ದ್ರಾಕ್ಷಿದು) ಪೀಪಾಯಲ್ಲಿ ಎರಡು ಮೂರು ವರ್ಷ ಅಷ್ಟೇ, ಆಮೇಲೆ ಬಾಟ್ಲಲ್ಲೇ ಮಾಗತ್ತೆ, ಹಂಗಾಗಿ 1963ರದ್ದೋ 1977ರದ್ದೋ ಸಿಕ್ರೆ ದಪ್ಪ ಗಸಿ ಗ್ಯಾರಂಟಿ, ಹಿಂದಿನ ದಿನವೇ ನೆಟ್ಟಗೆ ನಿಲ್ಸಿ, ಬಾಟ್ಲು ಕುತ್ತಿಗೆ ಹಿಂದೆ ಟಾರ್ಚ್ ಹಿಡ್ಕೊಂಡು ನಿಧಾನಕ್ಕೆ ಜಗ್ಗಿಗೆ ಬಗ್ಗಿಸ್ಬೇಕು, ಗಸಿ ಕಂಡ ತಕ್ಷಣ ಸ್ಟಾಪ್. ಅಂಜೂರ, ಒಣದ್ರಾಕ್ಷಿ ಘಮ ಅಂತೂ ಸೂಪರ್. ಆದ್ರೆ ತೆಗೆದ್ಮೇಲೆ ಒಂದೆರಡು ದಿನದಲ್ಲಿ ಮುಗಿಸ್ಬೇಕು, ಜೊತೆಗೆ ಜನ ಇಲ್ದಿದ್ರೆ ವೇಸ್ಟು.

ವಿಂಟೇಜ್ ಮಡೈರಾ ಕನಿಷ್ಠ 20 ವರ್ಷ ಪೀಪಾಯಲ್ಲೇ ಕೂತು ಶಾಖ, ಗಾಳಿ ಎಲ್ಲಾ ಉಂಡಿರತ್ತೆ, ಇನ್ನು ಕೆಡೋಕೆ ಏನಿದೆ? ತೆಗೆದಿಟ್ರೂ ತಿಂಗಳುಗಟ್ಟಲೆ ಇರತ್ತೆ. ಹುಳಿ ಮಾತ್ರ ಜೋರು, ಎಲ್ರಿಗೂ ಹಿಡಿಸಲ್ಲ. ಮಡೈರಾದಲ್ಲೇ ಸಿಹಿ ಕಮ್ಮಿ ಬೇಕಂದ್ರೆ ಸೆರ್ಸಿಯಲ್ ಅನ್ನೋ ಬಗೆ, ಜಾಸ್ತಿ ಬೇಕಂದ್ರೆ ಮಾಮ್ಸಿ. ಒಬ್ರೇ ಕುಡಿಯೋರಾದ್ರೆ ಕಣ್ಮುಚ್ಕೊಂಡು ಮಡೈರಾ ತಗೊಳ್ಳಿ.