ಉಳವಿ ಚಕ್ಕಡಿ ಯಾತ್ರೆಗೆ ಪೇಟೆ ಮಕ್ಕಳನ್ನು ಕರೆದುಕೊಂಡು ಹೋಗಬಹುದಾ?

ರಜೆ ಬಂತೆಂದರೆ ಹುಬ್ಬಳ್ಳಿ ತುಂಬ ಅಡ್ವೆಂಚರ್ ಕ್ಯಾಂಪಿನ ಬ್ಯಾನರ್. ಜಿಪ್‌ಲೈನ್, ಟೆಂಟು, ಕ್ಯಾಂಪ್‌ಫೈರ್, ಕೊನೆಗೊಂದು ಸರ್ಟಿಫಿಕೇಟ್. ನನ್ನ ಮಗಳು ಅಂಥದ್ದೊಂದಕ್ಕೆ ಹೋಗಿ ಬಂದಿದ್ದಾಳೆ. ಖುಷಿಪಟ್ಟಳು, ಇಲ್ಲ ಅನ್ನಲ್ಲ. ಆದರೆ ಅಲ್ಲಿ ಬೆಂಕಿ ಹೊತ್ತಿಸಿದ್ದು ಸಿಬ್ಬಂದಿ, ಅದೂ ಡೀಸೆಲ್ ಸುರಿದು. ಮಕ್ಕಳು ಸುತ್ತ ನಿಂತು ಚಪ್ಪಾಳೆ ಹೊಡೆದರು, ಅಷ್ಟೇ.

ಈ ಸಲ ಭಾರತ ಹುಣ್ಣಿಮೆಗೆ, ಅಂದರೆ ಮಾಘ ಮಾಸದ ಹುಣ್ಣಿಮೆಗೆ, ಬೇರೆ ದಾರಿ ಹಿಡಿದೆವು. ಧಾರವಾಡದ ಹತ್ತಿರದ ಒಂದು ಹಳ್ಳಿಯ ಭಕ್ತರ ಬಳಗ ಪ್ರತಿ ವರ್ಷ ಚಕ್ಕಡಿ (ಎತ್ತಿನ ಬಂಡಿ) ಕಟ್ಟಿಕೊಂಡು ಉಳವಿ ಜಾತ್ರೆಗೆ ಹೋಗುತ್ತದೆ. ಈಚೆಗೆ ಪರಿಚಯದ ಪೇಟೆ ಮನೆಯವರನ್ನೂ ಮಕ್ಕಳ ಸಮೇತ ಸೇರಿಸಿಕೊಳ್ಳುತ್ತಾರೆ. ಬಳಗದ ಹೆಸರು ಬರೆಯಲ್ಲ. ಜನ ಜಾಸ್ತಿ ಆದರೆ ಸಂಭಾಳಿಸೋಕೆ ಆಗಲ್ಲ ಅಂತ ಅವರೇ ಬೇಡ ಅಂದಿದ್ದಾರೆ.

ಗೊತ್ತಿಲ್ಲದವರಿಗೆ ಎರಡು ಮಾತು. ಉಳವಿ ಇರುವುದು ಉತ್ತರ ಕನ್ನಡದ ಜೋಯಿಡಾ ತಾಲ್ಲೂಕಿನಲ್ಲಿ, ಕಾಳಿ ಹುಲಿ ಸಂರಕ್ಷಿತ ಪ್ರದೇಶದ ದಟ್ಟ ಕಾಡಿನ ನಡುವೆ. 12ನೇ ಶತಮಾನದಲ್ಲಿ ಕಲ್ಯಾಣದಲ್ಲಿ ಗಲಭೆಯಾದಾಗ ಶರಣರು ವಚನದ ಕಟ್ಟು ಹೊತ್ತುಕೊಂಡು ಈ ಕಾಡಿಗೆ ಬಂದರು, ಚನ್ನಬಸವಣ್ಣನವರು ಇಲ್ಲೇ ಐಕ್ಯರಾದರು ಅನ್ನುವುದು ನಂಬಿಕೆ. ನಮ್ಮ ಕಡೆಯ ರೈತರು ಹಳಿಯಾಳ, ದಾಂಡೇಲಿ, ಪೋಟೋಳಿ, ಗುಂದ ದಾಟಿಕೊಂಡು ಹೋಗುತ್ತಾರೆ. ದಾರಿಯಲ್ಲೇ ಅಡುಗೆ, ದಾರಿಯಲ್ಲೇ ನಿದ್ದೆ.

ಇದನ್ನು ಯಾರೂ ಕ್ಯಾಂಪ್ ಅಂತ ಕರೆಯಲ್ಲ. ತರಗತಿ ಇಲ್ಲ, ಸೀಟಿ ಊದುವವರಿಲ್ಲ. ಪ್ರತಿ ಮಗುವಿಗೆ ಒಂದು ಕೆಲಸ ಹಚ್ಚುತ್ತಾರೆ. ಆ ಕೆಲಸ ಸುಮ್ನೆ ಕಲಿಕೆಗೆ ಅಂತ ಕೊಟ್ಟದ್ದಲ್ಲ. ನೀರು ತರದಿದ್ದರೆ ಎತ್ತು ಬಾಯಾರಿ ನಿಲ್ಲುತ್ತದೆ. ಒಲೆ ಹೊತ್ತದಿದ್ದರೆ ಎಲ್ಲರಿಗೂ ಊಟ ತಡ. ನನ್ನ ಮಗಳು ಮನೆಯಲ್ಲಿ ಒಂದು ಲೋಟ ಎತ್ತಿಡಲ್ಲ. ಅಲ್ಲಿ ಬೆಳಗಾಗುವ ಮುಂಚೆ ಎದ್ದು ಎತ್ತಿಗೆ ಕಣಕಿ ಹಾಕುತ್ತಿದ್ದಳು.

ಬೆಂಕಿ ವಿಷಯಕ್ಕೆ ಬರೋಣ, ನನಗೆ ತುಂಬ ಹಿಡಿಸಿದ್ದು ಅದೇ. ಆ ಹೊತ್ತಿಗೆ ಕಾಡೆಲ್ಲ ಒಣಗಿದ ತರಗೆಲೆ. ಒಂದು ಕಿಡಿ ಸಾಕು. ಹಾಗಾಗಿ ಕಾಡು ಹೊಕ್ಕ ಮೇಲೆ ಕಂಡಕಂಡಲ್ಲಿ ಒಲೆ ಹೂಡುವ ಹಾಗಿಲ್ಲ, ಪ್ರತಿ ವರ್ಷ ಬಂಡಿ ಬಿಡುವ ಬಯಲಿನಲ್ಲಿ ಮಾತ್ರ. ಬಳಗದ ಹಿರಿಯರೊಬ್ಬರು, ಎಲ್ಲರೂ ಅಜ್ಜಾರ ಅಂತಲೇ ಕರೆಯುತ್ತಿದ್ದರು, ಮೊದಲು ಮಕ್ಕಳ ಕೈಯಲ್ಲಿ ಕಸಬರಿಗೆ ಕೊಟ್ಟರು. ಬರೀ ಮಣ್ಣು ಕಾಣುವ ತನಕ ಎಲೆ ಗುಡಿಸಬೇಕು. ಆಮೇಲೆ ಗೇಣುದ್ದ ಕುಳಿ, ಮೂರು ಕಲ್ಲು, ಪಕ್ಕದಲ್ಲಿ ತುಂಬಿದ ಕೊಡ. ಕೊಡ ಬಂದ ಮೇಲೇ ಕಡ್ಡಿಪೆಟ್ಟಿಗೆ ಕೈಗೆ. ಊಟ ಮುಗಿದ ಮೇಲೆ ಬೂದಿಗೆ ನೀರು ಹಾಕಿ, ಕೋಲಿನಿಂದ ಕೆದಕಿ, ಮತ್ತೆ ನೀರು. ಕೊನೆಗೆ ಬೂದಿಯ ಸಮೀಪ ಅಂಗೈ ತಿರುವಿ ಹಿಡಿಯಬೇಕು. "ಬಿಸಿ ಹತ್ತತೈತೇನವಾ?" ಅಂತ ಕೇಳುತ್ತಾರೆ. ಮಗಳು "ಸ್ವಲ್ಪ" ಅಂದಳು. "ಹಂಗಾರ ಇನ್ನೊಂದು ತಂಬಗಿ ಹಾಕು. ಸ್ವಲ್ಪ ಬಿಸಿ ಅಂದ್ರ ಪೂರಾ ಬೆಂಕಿ." ಬೂದಿ ತಣ್ಣಗಾಗುವ ತನಕ ಆ ಒಲೆಯ ಪಾಳಿಯವರು ಮಲಗುವ ಹಾಗಿಲ್ಲ.

ಇನ್ನು ಏರು ದಾರಿ. ಎತ್ತು ದಣಿದು ನಿಂತರೆ ಬಂಡಿ ಹಿಂದಕ್ಕೆ ಜಾರುತ್ತದೆ. ಅದಕ್ಕೆ ಒಬ್ಬರು ಕಲ್ಲು ಹಿಡಿದು ಹಿಂದೆಯೇ ನಡೆಯಬೇಕು. ಎತ್ತು ನಿಂತ ಕೂಡಲೇ ಗಾಲಿಯ ಹಿಂದೆ ಕಲ್ಲು ಕೊಡಬೇಕು, ಕೈ ಒಳಗೆ ಹಾಕದೆ ಹೊರಗಿನಿಂದ ದೂಡಬೇಕು. ಸ್ವಲ್ಪ ದೊಡ್ಡ ಮಕ್ಕಳಿಗೆ ಮಾತ್ರ ಈ ಕೆಲಸ. ತಾಯಿಯಾಗಿ ನನಗೆ ಎದೆ ಢವಢವ. ಆದರೆ ಒಬ್ಬ ಗಂಡಾಳು ಪಕ್ಕದಲ್ಲೇ ಇರುತ್ತಾರೆ, ಮಕ್ಕಳೂ ಆಟ ಆಡಲ್ಲ. ಸಂಜೆ ಬಂಡಿ ಬಿಟ್ಟ ಮೇಲೆ ಗಾಲಿ ಕಳಚದಂತೆ ಹಾಕುವ ಕಡಾಣಿ ಗಟ್ಟಿ ಇದೆಯಾ, ಕೀಲೆಣ್ಣೆ ಸಾಕಾ ಅಂತ ನೋಡುವುದೂ ಅವರದೇ ಪಾಳಿ.

ದಿಕ್ಕು ಹೇಳಿಕೊಟ್ಟಿದ್ದು ಹಳಿಯಾಳದ ಈಚೆಯ ಹೊಲದಲ್ಲಿ. ಸಪ್ತರ್ಷಿಯ ಮೊದಲ ಎರಡು ಚುಕ್ಕಿ ಹಿಡಿದು ಅದೇ ಗೆರೆಯಲ್ಲಿ ಅವೆರಡರ ನಡುವಿನ ಅಂತರದ ಐದು ಪಟ್ಟು ಮುಂದೆ ಹೋದರೆ ಉತ್ತರ ತೋರಿಸುವ ಧ್ರುವ ನಕ್ಷತ್ರ. ನಮ್ಮ ಕಡೆ ಅದು ಬಹಳ ಕೆಳಗೆ, ಸುಮಾರು 15 ಡಿಗ್ರಿ. ಕೈ ಚಾಚಿ ಮುಷ್ಟಿ ಹಿಡಿದರೆ ಒಂದೂವರೆ ಮುಷ್ಟಿ ಎತ್ತರ. ಕಾಡು ಹೊಕ್ಕರೆ ಮರದ ಮರೆಗೆ ಹೋಗಿಬಿಡುತ್ತದೆ, ಅದಕ್ಕೇ ಬಯಲಲ್ಲೇ ತೋರಿಸಿಬಿಡುತ್ತಾರೆ.

ಈಗ ಬೈಗುಳ. ನಾನು ಎಮರ್ಜೆನ್ಸಿ ವಾರ್ಡಿನಲ್ಲಿ ಕೆಲಸ ಮಾಡುವ ನರ್ಸ್. ಹಾವು ಕಚ್ಚಿದರೆ ಮೇಲೆ ಬಿಗಿಯಾಗಿ ಹಗ್ಗ ಕಟ್ಟಬೇಕು ಅಂತ ಬಳಗದ ಒಬ್ಬರು ಮಕ್ಕಳಿಗೆ ಹೇಳುತ್ತಿದ್ದರು. ಕೇಳಿ ಸುಮ್ಮನಿರೋಕೆ ಆಗಲಿಲ್ಲ. ಹಾಗೆ ಕಟ್ಟಿಕೊಂಡು ಬಂದವರ ಕಾಲು ಕಪ್ಪಾಗಿದ್ದನ್ನು ನಾನು ನೋಡಿದ್ದೇನೆ. ಕಟ್ಟಬಾರದು, ಕೊಯ್ಯಬಾರದು, ಬಾಯಲ್ಲಿ ಹೀರಬಾರದು. ಬಳೆ, ಉಂಗುರ, ಕಾಲ್ಗೆಜ್ಜೆ ತೆಗೆಯಬೇಕು, ಮೂಳೆ ಮುರಿದಾಗ ಮಾಡುವ ಹಾಗೆ ದಬ್ಬೆ ಇಟ್ಟು ಅಲುಗಾಡದಂತೆ ಮಾಡಬೇಕು, 108ಕ್ಕೆ ಫೋನ್ ಹಚ್ಚಬೇಕು. ಆಸ್ಪತ್ರೆಯಲ್ಲಿ ಕೊಡುವ ಔಷಧ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೂ ಒಂದೇ. ಹಾವು ಹಿಡಿದು ತರುವ ಸಾಹಸ ಬೇಡ. ಅಜ್ಜಾರು ಬೇಸರಪಟ್ಟುಕೊಳ್ಳಲಿಲ್ಲ. "ಸಂಜೀಕ ಭಜನಿ ಮುಗಿದ ಮ್ಯಾಲ ನೀವ ಹೇಳ್ರಿ ಅಕ್ಕಾರ" ಅಂದರು. ಹೇಳಿದೆ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಚ್ಚುತ್ತದೆ, ಎಷ್ಟೋ ಸಲ ನೋವೇ ಗೊತ್ತಾಗಲ್ಲ ಅಂದ ಮೇಲೆ ಮಕ್ಕಳನ್ನು ಬಂಡಿಯ ಮೇಲೆ ಮಲಗಿಸಿದರು.

ನೀರಿನದೂ ಅಷ್ಟೇ. ಹಳ್ಳದಲ್ಲಿ ಮೇಲೆ ಕುಡಿಯೋಕೆ, ಅದರ ಕೆಳಗೆ ಎತ್ತಿಗೆ, ಇನ್ನೂ ಕೆಳಗೆ ಪಾತ್ರೆಗೆ. ಈ ಶಿಸ್ತು ಭಾರಿ ಚೆನ್ನಾಗಿದೆ. ಆದರೆ ನಾಲ್ಕು ಪದರ ಬಟ್ಟೆಯಲ್ಲಿ ಸೋಸಿ ಕುಡಿದುಬಿಡುತ್ತಾರೆ. ಸೋಸಿದರೆ ಕಸ ಹೋಗುತ್ತದೆ, ರೋಗಾಣು ಹೋಗಲ್ಲ. ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿ ಆರಿಸಿ ಕುಡಿಯಿರಿ. ಓಆರ್‌ಎಸ್ ಪೊಟ್ಟಣ ಇಟ್ಟುಕೊಳ್ಳಿ. ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಹಾದ ಸಣ್ಣ ಚಮಚ, ಸಮ ಮಾಡಿ ಹಾಕಿ.

ಇನ್ನೊಂದು ಬೇಜಾರು. ಹುಡುಗರಿಗೆ ಹಗ್ಗ, ನೊಗ, ಗಾಲಿ. ಹುಡುಗಿಯರನ್ನು ಕೇಳದೇ ರೊಟ್ಟಿ ಗಂಟಿನ ಕಡೆ ಕಳಿಸುತ್ತಾರೆ. ಕೇಳಿದರೆ ಕೊಡುತ್ತಾರೆ ನಿಜ. ಮಗಳು ಹಟ ಮಾಡಿ ಒಂದು ಸಪಾಟು ದಾರಿಯಲ್ಲಿ ಎತ್ತಿನ ಹಗ್ಗ ಹಿಡಿದಳು. ಆದರೆ ಕೇಳಬೇಕಾಗಿದ್ದೇ ನನಗೆ ಸರಿ ಬರಲಿಲ್ಲ. ಶೌಚಕ್ಕೆ ಸೀರೆ ಕಟ್ಟಿದ ಮರೆ, ಅಷ್ಟೇ. ರಾತ್ರಿ ಟಾರ್ಚ್ ಹಿಡಿದು ಇಬ್ಬಿಬ್ಬರು ಹೋಗಿ.

ಪೂಜೆ, ಭಜನೆ ಒತ್ತಾಯವಾ ಅಂತ ಬಹಳ ಜನ ಕೇಳಿದರು. ಇಲ್ಲ. ಬೆಳಿಗ್ಗೆ ವಿಭೂತಿ, ಲಿಂಗಪೂಜೆ, ಸಂಜೆ ವಚನ. ಮಗಳ ಮುಸ್ಲಿಂ ಗೆಳತಿಯೂ ನಮ್ಮ ಜೊತೆ ಬಂದಿದ್ದಳು, ಕೂತು ಕೇಳಿದಳು. ಪಾತ್ರೆ ತೊಳೆಯುವುದರಿಂದ ಮಾತ್ರ ಯಾವ ಧರ್ಮಕ್ಕೂ ಬಿಡುಗಡೆ ಇಲ್ಲ.

ಊಟದ ಬಗ್ಗೆ ದೂರೇ ಇಲ್ಲ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಜುಣಕದ ವಡಿ, ಮಾದ್ಲಿ. ಪೇಟೆಯವರು ಚಿಪ್ಸ್ ಪಾಕೀಟು ತರಬೇಡಿ. ಹುಲಿ ಕಾಡಿನಲ್ಲಿ ಪ್ಲಾಸ್ಟಿಕ್ ಬಿಸಾಕಿದ ಬೇರೆ ಬಂಡಿಯವರನ್ನು ನೋಡಿ ಹೊಟ್ಟೆ ಉರಿಯಿತು.

ಫೀ ಅಂತ ಇಲ್ಲ. ಜೋಳ, ಬ್ಯಾಳಿ, ಎತ್ತಿನ ಹಿಂಡಿಗೆ ಕೈಲಾದಷ್ಟು ದುಡ್ಡು. ತೀರಾ ಸಣ್ಣ ಮಕ್ಕಳು, ಉಬ್ಬಸ ಇದ್ದವರು ಬೇಡ, ದಾರಿಯ ಧೂಳು ತಡೆಯಲ್ಲ. ಗುಂದ ದಾಟಿದ ಮೇಲೆ ಫೋನ್ ನಂಬಬೇಡಿ. ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ, ಒಂದು ಕಡಿಮೆ ಮಾಡಿದ್ದು ಆ ಹಗ್ಗ ಕಟ್ಟುವ ಪಾಠಕ್ಕೆ. ಹೋಗುವ ಮನಸ್ಸಿದ್ದರೆ ಪರಿಚಯದ ಹಳ್ಳಿಯವರನ್ನು ಒಂದು ತಿಂಗಳು ಮುಂಚೆ ಬರುವ ಬನದ ಹುಣ್ಣಿಮೆ ಹೊತ್ತಿಗೇ ಕೇಳಿ. ಆಮೇಲೆ ಎತ್ತಿಗೆ ಲಾಳ ಹೊಡೆಸುವ ಗಡಿಬಿಡಿಯಲ್ಲಿ ಯಾರೂ ಫೋನ್ ಎತ್ತಲ್ಲ.