ಬೆನ್ನಿನ ಬಿಗಿತಕ್ಕೆ ಕಪ್ಪಿಂಗ್ ಮತ್ತು ಲಿಂಫಾಟಿಕ್ ಮಸಾಜ್: ಯಾವುದಕ್ಕೆ ಹಣ ಕೊಡಬಹುದು?

ಜಯನಗರದ ಒಂದು ಫಿಸಿಯೋಥೆರಪಿ ಕೇಂದ್ರದಲ್ಲಿ ಬೆನ್ನಿನ ಬಿಗಿತಕ್ಕೆಂದು ಲಿಂಫಾಟಿಕ್ ಡ್ರೈನೇಜ್ ಮಸಾಜ್ (ಲಿಂಫ್, ಅಂದರೆ ದುಗ್ಧರಸ ಎಂಬ ದೇಹದ್ರವ ಸರಾಗವಾಗಿ ಹರಿಯಲೆಂದು ಹಗುರವಾಗಿ ಸವರುವುದು) ಮತ್ತು ಕಪ್ಪಿಂಗ್ (ಕಪ್‌ನಿಂದ ಚರ್ಮವನ್ನು ಮೇಲಕ್ಕೆ ಎಳೆಯುವುದು) ಎರಡನ್ನೂ ಜೋಡಿಸಿ ಒಂದೇ ಚಿಕಿತ್ಸೆಯೆಂಬಂತೆ ಕೊಡುತ್ತಾರೆ. ಒಂದೂವರೆ ಗಂಟೆಯ ಈ ಜೋಡಿ ಚಿಕಿತ್ಸೆಗೆ 2,400 ರೂಪಾಯಿ, ಕಪ್ಪಿಂಗ್ ಮಾತ್ರ ಸಾಕೆಂದರೆ 900 ರೂಪಾಯಿ. ಮೊದಲು ಎರಡನ್ನೂ ಮಾಡಿಸಿಕೊಂಡು, ಆಮೇಲೆ ಕಪ್ಪಿಂಗ್ ಒಂದನ್ನೇ ಮುಂದುವರಿಸಿದ ನನಗೆ ಈಗ ಸ್ಪಷ್ಟವಾಗಿರುವ ಸಂಗತಿ ಇದು: ದಿನವಿಡೀ ಕಂಪ್ಯೂಟರ್ ಮುಂದೆ ಕುಳಿತು ಹೆಗಲು ಮತ್ತು ಬೆನ್ನಿನ ಮೇಲ್ಭಾಗ ಬಿಗಿದುಕೊಂಡವರಿಗೆ ಕಪ್ಪಿಂಗ್‌ನಿಂದ ಕೆಲವು ದಿನಗಳ ಆರಾಮ ಸಿಗಬಹುದು, ಲಿಂಫಾಟಿಕ್ ಮಸಾಜ್ ಮೈಗೆ ಹಿತವೇ ಆದರೂ ಈ ಬಿಗಿತಕ್ಕೆ ಅದು ಮದ್ದಲ್ಲ. ಎರಡನ್ನೂ ಒಂದೇ ಗಂಟಿನಲ್ಲಿ ಮಾರುವುದರಿಂದ ಯಾವುದರಿಂದ ಏನಾಯಿತೆಂಬುದು ಗಿರಾಕಿಗೆ ತಿಳಿಯುವುದೇ ಇಲ್ಲ.

ಕೇಂದ್ರದ ದೊಡ್ಡ ಗುಣ ಅಲ್ಲಿಯ ಮೊದಲ ತಪಾಸಣೆ. ಮೇಜಿನ ಮೇಲೆ ಮಲಗಿಸುವ ಮುನ್ನ ಫಿಸಿಯೋಥೆರಪಿಸ್ಟ್ ಎದುರಿಗೆ ಕುಳಿತು, ನೋವು ಕಾಲಿಗೆ ಇಳಿಯುತ್ತದೆಯೇ, ಕಾಲಿನಲ್ಲಿ ಜೋಮು ಅಥವಾ ಬಲಹೀನತೆ ಇದೆಯೇ, ಮೂತ್ರ ಹಿಡಿದುಕೊಳ್ಳಲು ತೊಂದರೆಯಾಗುತ್ತಿದೆಯೇ, ಜ್ವರವಿದೆಯೇ, ಕಾರಣವಿಲ್ಲದೆ ತೂಕ ಇಳಿದಿದೆಯೇ, ರಾತ್ರಿ ಮಲಗಿದಾಗಲೂ ನೋವು ಬಿಡುವುದಿಲ್ಲವೇ ಎಂದು ಒಂದೊಂದಾಗಿ ವಿಚಾರಿಸಿದರು. ಇವುಗಳಲ್ಲಿ ಯಾವುದಕ್ಕಾದರೂ ಹೌದೆಂಬ ಉತ್ತರ ಬಂದರೆ ಮಸಾಜ್ ಮಾಡುವುದಿಲ್ಲ, ಮೊದಲು ವೈದ್ಯರನ್ನು ಕಂಡು ಬರಬೇಕು ಎಂದು ಆಕೆ ಖಡಾಖಂಡಿತವಾಗಿ ಹೇಳಿದರು. ಬಳಿಕ ಕತ್ತನ್ನು ಎರಡೂ ಕಡೆಗೆ ತಿರುಗಿಸಿ, ಕೈಗಳನ್ನು ಮೇಲೆತ್ತಿಸಿ ನೋಡಿ, ಹೆಕ್ಕತ್ತಿನಿಂದ ಹೆಗಲಿಗೆ ಇಳಿಯುವ ಟ್ರಪೀಜಿಯಸ್ ಸ್ನಾಯುವಿನಲ್ಲಿಯೂ ಎರಡು ಹೆಗಲ ಮೂಳೆಗಳ ನಡುವೆಯೂ ಬೆರಳಿಗೆ ಗಂಟುಗಂಟಾಗಿ ಸಿಗುವ ಜಾಗಗಳನ್ನು ಪೆನ್ನಿನಿಂದ ಗುರುತು ಮಾಡಿಕೊಂಡರು. ಬೆನ್ನುನೋವೆಂದು ಬಂದವರನ್ನೆಲ್ಲ ನೇರವಾಗಿ ಮಲಗಿಸಿ ಎಣ್ಣೆ ಸವರುವ ಸ್ಪಾಗಳಲ್ಲಿ ಇಂತಹ ವಿಚಾರಣೆಯನ್ನು ನಾನು ಕಂಡಿಲ್ಲ.

ಇಲ್ಲಿ ಮಾಡುವುದು ಒಣ ಕಪ್ಪಿಂಗ್, ಅಂದರೆ ಚರ್ಮವನ್ನು ಗೀರಿ ರಕ್ತ ತೆಗೆಯುವ ಕ್ರಮವಲ್ಲ. ಬೆಂಕಿಯನ್ನೂ ಬಳಸುವುದಿಲ್ಲ. ಪಾರದರ್ಶಕ ಪ್ಲಾಸ್ಟಿಕ್ ಕಪ್‌ನ ನೆತ್ತಿಯಲ್ಲಿರುವ ವಾಲ್ವ್‌ಗೆ ಕೈಪಂಪನ್ನು ಸಿಕ್ಕಿಸಿ ಎರಡು ಮೂರು ಸಲ ಎಳೆದರೆ ಒಳಗಿನ ಗಾಳಿ ಹೊರಬಂದು, ಚರ್ಮ ಮತ್ತು ಅದರ ಕೆಳಗಿನ ಪದರ ಕಪ್‌ನೊಳಕ್ಕೆ ಉಬ್ಬಿಕೊಳ್ಳುತ್ತದೆ. ಸಾಮಾನ್ಯ ಮಸಾಜ್ ಸ್ನಾಯುವನ್ನು ಒತ್ತಿದರೆ ಇದು ಮೇಲಕ್ಕೆ ಎತ್ತುತ್ತದೆ. ಆರಂಭದಲ್ಲಿ ಯಾರೋ ಬೆನ್ನನ್ನು ಹಿಡಿದು ಬಿಡದಂತೆ ಚಿವುಟಿದ ಹಾಗಿರುತ್ತದೆ. ಎರಡು ನಿಮಿಷ ಕಳೆಯುವಷ್ಟರಲ್ಲಿ ಆ ಎಳೆತ ಮೆತ್ತಗಾಗಿ, ಕಪ್‌ನ ಅಂಚು ತಾಗುವಲ್ಲಿ ಮಾತ್ರ ಬಿಸಿಬಿಸಿಯಾದ ಅನುಭವ ಉಳಿಯುತ್ತದೆ. ಸುಮಾರು ಎಂಟು ನಿಮಿಷಗಳಾದ ಮೇಲೆ ವಾಲ್ವ್ ಎಳೆದಾಗ ಟಸ್ಸೆಂದು ಗಾಳಿ ನುಗ್ಗಿ ಕಪ್ ಕಳಚಿಕೊಳ್ಳುತ್ತದೆ. ಕೊನೆಯಲ್ಲಿ ಎಣ್ಣೆ ಹಚ್ಚಿ, ಒಂದೇ ಕಪ್ಪನ್ನು ಬೆನ್ನುಮೂಳೆಯ ಇಕ್ಕೆಲಗಳಲ್ಲಿ ಮೇಲಿಂದ ಕೆಳಗೆ ಜಾರಿಸುತ್ತಾರೆ. ಇದು ನೋಯುತ್ತದೆ, ಆದರೆ ತಡೆಯಲಾರದಷ್ಟಲ್ಲ. ಬೇಡವೆಂದರೆ ಕೂಡಲೇ ನಿಲ್ಲಿಸಿದರು. ಮೇಜಿನಿಂದ ಎದ್ದಾಗ ಕತ್ತು ಮೊದಲಿಗಿಂತ ಸಲೀಸಾಗಿ ತಿರುಗುತ್ತಿತ್ತು, ಆ ಹಗುರ ಮೂರು ನಾಲ್ಕು ದಿನ ನಿಂತಿತು. ಲಿಂಫಾಟಿಕ್ ಮಸಾಜ್ ಇಲ್ಲದೆ ಕಪ್ಪಿಂಗ್ ಒಂದನ್ನೇ ಮಾಡಿಸಿದಾಗಲೂ ಆರಾಮದಲ್ಲಿ ನನಗೆ ಏನೂ ಕೊರತೆ ಕಾಣಲಿಲ್ಲ.

ಬೆನ್ನಿನ ಮೇಲೆ ಉಳಿಯುವ ದುಂಡನೆಯ ಗುರುತುಗಳ ಬಗ್ಗೆ ಕೌಂಟರಿನಲ್ಲಿ ಕುಳಿತ ಸಹಾಯಕರು ಹೇಳಿದ್ದನ್ನು ನಾನು ಒಪ್ಪುವುದಿಲ್ಲ. ಗುರುತು ಕಪ್ಪಾದಷ್ಟೂ ದೇಹದಲ್ಲಿ ವಿಷ ಹೆಚ್ಚಿತ್ತೆಂದು ಅರ್ಥವಂತೆ. ಎಳೆತಕ್ಕೆ ಚರ್ಮದಡಿಯ ಸೂಕ್ಷ್ಮ ಲೋಮನಾಳಗಳು ಒಡೆದು ರಕ್ತ ಜಿನುಗುವುದರಿಂದ ಈ ಕಲೆ ಮೂಡುತ್ತದೆ. ಅದರ ಬಣ್ಣ ಎಳೆತದ ಬಲ, ಕಪ್ ಇಟ್ಟ ಹೊತ್ತು ಮತ್ತು ಚರ್ಮದ ಗುಣವನ್ನು ಅವಲಂಬಿಸಿದೆ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಈಜುಗಾರ ಮೈಕೆಲ್ ಫೆಲ್ಪ್ಸ್ ಅವರ ಹೆಗಲ ಮೇಲೆ ಜಗತ್ತೆಲ್ಲ ನೋಡಿದ ಕಲೆಗಳೂ ಇವೇ. ಒಂದರಿಂದ ಎರಡು ವಾರಗಳಲ್ಲಿ ಅವು ತಾವಾಗಿಯೇ ಮಾಸುತ್ತವೆ. ದೇಹದ ಬೇಡವಾದ ಪದಾರ್ಥಗಳನ್ನು ಹೊರಹಾಕುವ ಕೆಲಸವನ್ನು ಯಕೃತ್ತು ಮತ್ತು ಮೂತ್ರಪಿಂಡಗಳು ಮಾಡುತ್ತವೆಯೇ ಹೊರತು ಪ್ಲಾಸ್ಟಿಕ್ ಕಪ್ ಅಲ್ಲ. ಒಳಗಿನ ಕೋಣೆಯಲ್ಲಿ ಇಷ್ಟು ಜವಾಬ್ದಾರಿಯಿಂದ ನಡೆಯುವ ಕೆಲಸಕ್ಕೆ ಹೊರಗಿನ ಕೌಂಟರಿನಲ್ಲಿ ಇಂತಹ ಮಾತು ಅಂಟಿಕೊಂಡಿರುವುದು ಬೇಸರದ ಸಂಗತಿ.

ಎಳೆತದ ಈ ಉಪಾಯ ನಮ್ಮ ನಾಡಿಗೆ ಹೊರಗಿನದೇನೂ ಅಲ್ಲ. ರಕ್ತಮೋಕ್ಷಣದ, ಅಂದರೆ ಚಿಕಿತ್ಸೆಗಾಗಿ ರಕ್ತ ಹೊರತೆಗೆಯುವ ಕ್ರಮದ, ಸಾಧನಗಳಲ್ಲಿ ಜಿಗಣೆಯೊಂದಿಗೆ ಕೊಂಬನ್ನೂ ಒಳಗೆ ದೀಪವಿರಿಸಿದ ಸೋರೆಬುರುಡೆಯನ್ನೂ ಸುಶ್ರುತ ಸಂಹಿತೆ ಹೇಳುತ್ತದೆ. ಯುನಾನಿ ಪದ್ಧತಿಯಲ್ಲಿ ಇದು ಹಿಜಾಮಾ. ಬೆಂಗಳೂರಿನ ಮಾಗಡಿ ರಸ್ತೆಯ ಕೊಟ್ಟಿಗೆಪಾಳ್ಯದಲ್ಲಿರುವ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯಲ್ಲಿಯೂ ಹಿಜಾಮಾ ಚಿಕಿತ್ಸೆಯಿದೆ. ಆದರೆ ಹಳೆಯದೆಂಬುದು ಪುರಾವೆಯಾಗುವುದಿಲ್ಲ. ಕಪ್ಪಿಂಗ್ ಕುರಿತ ಅಧ್ಯಯನಗಳಲ್ಲಿ ಹೆಚ್ಚಿನವು ಸಣ್ಣವು, ಅಲ್ಪಕಾಲ ನೋವು ತಗ್ಗುತ್ತದೆಂದು ಅವುಗಳಲ್ಲಿ ಹಲವು ತೋರಿಸುತ್ತವೆ. ಬೆನ್ನಿನ ಮೇಲೆ ಕಪ್ ಎಳೆಯುತ್ತಿರುವುದು ರೋಗಿಗೆ ತಿಳಿದೇ ಇರುವುದರಿಂದ, ಆ ಆರಾಮದಲ್ಲಿ ನಂಬಿಕೆಯ ಪಾಲೆಷ್ಟೆಂದು ಬೇರ್ಪಡಿಸುವುದು ಸುಲಭವಲ್ಲ.

ಇನ್ನು ಲಿಂಫಾಟಿಕ್ ಮಸಾಜ್. ಇದರ ಕೈಚಳಕ ನೋಡುವಂಥದ್ದು. ಕೊರಳ ಮೂಳೆಯ ಮೇಲಿನ ಕುಳಿಯಿಂದ ಆರಂಭಿಸಿ, ಕತ್ತು, ಕಂಕುಳು, ಬಳಿಕ ಬೆನ್ನು ಎಂಬ ಕ್ರಮದಲ್ಲಿ, ಚರ್ಮ ಮಾತ್ರ ಸರಿಯುವಷ್ಟು ಹಗುರವಾಗಿ, ನಿಧಾನವಾಗಿ ಅಂಗೈಯನ್ನು ಚಲಿಸುತ್ತಾರೆ. ಎಣ್ಣೆಯಿಲ್ಲ, ಒತ್ತುವುದಿಲ್ಲ, ತಟ್ಟುವುದಿಲ್ಲ. ಅಭ್ಯಂಜನದ ನೀವುವಿಕೆಗೆ ಒಗ್ಗಿದ ಮೈಗೆ ಏನೂ ನಡೆಯುತ್ತಿಲ್ಲವೆನಿಸಿದರೂ ಕ್ರಮ ಸರಿಯಾಗಿಯೇ ಇದೆ. ದುಗ್ಧರಸವನ್ನು ಮುಂದಕ್ಕೆ ತಳ್ಳಲು ಹೃದಯದಂತಹ ಪಂಪು ದೇಹದಲ್ಲಿಲ್ಲ. ನಾಳಗಳ ಸ್ವಂತ ಸಂಕೋಚನ, ಸ್ನಾಯುಗಳ ಚಲನೆ ಮತ್ತು ಉಸಿರಾಟದ ಬಲದಿಂದ ಅದು ಸಾಗಿ, ಕೊನೆಗೆ ಕೊರಳ ಮೂಳೆಯ ಹಿಂದಿನ ದೊಡ್ಡ ಅಭಿಧಮನಿಗಳನ್ನು ಸೇರುತ್ತದೆ. ದುಗ್ಧರಸ ಮೊದಲು ಸೇರುವ ಸಣ್ಣ ನಾಳಗಳು ಚರ್ಮದ ಅಡಿಯಲ್ಲಿಯೇ ಇರುವುದರಿಂದ ಕೈ ಹಗುರವಾಗಿರಬೇಕು. ಡೆನ್ಮಾರ್ಕಿನ ಎಮಿಲ್ ವೋಡರ್ ಮತ್ತು ಎಸ್ಟ್ರಿಡ್ ವೋಡರ್ ದಂಪತಿ ಫ್ರಾನ್ಸಿನಲ್ಲಿದ್ದಾಗ ರೂಪಿಸಿ 1936ರಲ್ಲಿ ಪ್ಯಾರಿಸ್‌ನಲ್ಲಿ ಜನರ ಮುಂದಿಟ್ಟ ಈ ಕ್ರಮವನ್ನು ಇಂದು ಮುಖ್ಯವಾಗಿ ದ್ರವ ನಿಂತ ಊತಕ್ಕೆ ಬಳಸುತ್ತಾರೆ. ಕುರ್ಚಿಯಲ್ಲಿ ಬಾಗಿ ಕುಳಿತು ಬಿಗಿದ ಟ್ರಪೀಜಿಯಸ್‌ನಲ್ಲಿ ಅಂತಹ ಊತವೇ ಇಲ್ಲ. ನನಗೆ ಇದರಿಂದ ದೊರೆತದ್ದು ಒಳ್ಳೆಯ ನಿದ್ದೆ. ಅದಕ್ಕೆ 1,500 ರೂಪಾಯಿ ಹೆಚ್ಚೆನಿಸಿತು.

ಈ ಚಿಕಿತ್ಸೆ ನಿಜವಾಗಿ ಬೇಕಾದವರು ಬೇರೆಯೇ ಇದ್ದಾರೆ ಎಂಬುದೇ ನನ್ನನ್ನು ಹೆಚ್ಚು ಕಾಡುವ ವಿಷಯ. ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ದುಗ್ಧರಸ ಗ್ರಂಥಿಗಳನ್ನು ತೆಗೆಸಿಕೊಂಡು ತೋಳು ಊದಿದ ಹೆಂಗಸರಿಗೆ ಈ ಮಸಾಜನ್ನು ಒತ್ತುಪಟ್ಟಿ (ಊತ ತಗ್ಗಿಸಲು ಬಿಗಿಯಾಗಿ ಸುತ್ತುವ ಪಟ್ಟಿ), ವ್ಯಾಯಾಮ ಮತ್ತು ಚರ್ಮದ ಆರೈಕೆಯ ಜೊತೆಗೆ ಕೊಡುತ್ತಾರೆ. ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಆನೆಕಾಲು ರೋಗಿಗಳ ಊತಕ್ಕೆ ಆಯುರ್ವೇದ, ಯೋಗ ಮತ್ತು ಒತ್ತುಪಟ್ಟಿಗಳನ್ನು ಸೇರಿಸಿ ಚಿಕಿತ್ಸೆ ನೀಡುತ್ತಾ ಬಂದಿದೆ. ಇಷ್ಟು ಗಂಭೀರವಾದ ವಿದ್ಯೆಯನ್ನು ವಿಷ ತೆಗೆಯುವ ಮಸಾಜ್ ಎಂದು ಕರಪತ್ರದಲ್ಲಿ ಅಚ್ಚುಹಾಕಿಸಿದರೆ, ಊದಿದ ಕೈಯನ್ನು ಸೆರಗಿನಲ್ಲಿ ಮರೆಮಾಡಿಕೊಂಡು ಓಡಾಡುವ ಹೆಣ್ಣುಮಗಳಿಗೆ ಇದು ತನಗಾಗಿ ಇರುವ ಚಿಕಿತ್ಸೆಯೆಂದು ಹೇಗೆ ಗೊತ್ತಾಗಬೇಕು?

ಕಪ್ಪಿಂಗ್‌ನ ಆರಾಮ ನಿಲ್ಲಬೇಕಾದರೆ ವ್ಯಾಯಾಮ ಬೇಕೇ ಬೇಕು, ಈ ಮಾತನ್ನು ಕೇಂದ್ರದವರೂ ಮುಚ್ಚಿಡಲಿಲ್ಲ. ಗೋಡೆಗೆ ಬೆನ್ನು ತಾಗಿಸಿ ನಿಂತು ತೋಳುಗಳನ್ನು ಮೇಲೆ ಕೆಳಗೆ ಜಾರಿಸುವುದು, ಹೆಗಲ ಮೂಳೆಗಳನ್ನು ಹಿಂದಕ್ಕೆ ಕೂಡಿಸಿ ಹಿಡಿಯುವುದು ಮುಂತಾದವನ್ನು ಮಾಡಿಸಿ ತೋರಿಸಿ, ತಪ್ಪಿದ್ದನ್ನು ತಿದ್ದಿದರು. ದೀರ್ಘಕಾಲದ ಸೊಂಟನೋವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿಯೂ ವ್ಯಾಯಾಮ, ತಿಳಿವಳಿಕೆ ಮತ್ತು ಮಸಾಜ್‌ನಂತಹ ಕೆಲವು ಚಿಕಿತ್ಸೆಗಳನ್ನು ಒಟ್ಟಾಗಿ ನೋಡಲಾಗಿದೆ.

ಹೋಗುವವರು ಕೆಲವು ಸಂಗತಿಗಳನ್ನು ಗಮನಿಸಬೇಕು. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿರುವವರು, ರಕ್ತ ಹೆಪ್ಪುಗಟ್ಟದ ತೊಂದರೆಯಿರುವವರು, ಬೆನ್ನಿನ ಚರ್ಮದಲ್ಲಿ ಗಾಯ ಅಥವಾ ಸೋಂಕಿರುವವರು ಕಪ್ಪಿಂಗ್ ಮಾಡಿಸಬಾರದು. ಗರ್ಭಿಣಿಯರು ಮತ್ತು ಮಧುಮೇಹಿಗಳು ವೈದ್ಯರನ್ನು ಕೇಳದೆ ಹೋಗಬಾರದು. ಹೃದಯ ವೈಫಲ್ಯ, ಕಾಲಿನ ರಕ್ತನಾಳದಲ್ಲಿ ಹೆಪ್ಪು ಅಥವಾ ಸೋಂಕಿನ ಜ್ವರವಿದ್ದವರಿಗೆ ಲಿಂಫಾಟಿಕ್ ಮಸಾಜ್ ಅಪಾಯ ತರಬಹುದು. ಕಪ್‌ಗಳನ್ನು ಹೇಗೆ ಶುಚಿ ಮಾಡುತ್ತಾರೆಂದು ಕೇಳಲು ಸಂಕೋಚಪಡಬೇಡಿ. ಇಲ್ಲಿ ಕೇಳಿದಾಗ ಸೋಂಕುನಿವಾರಕ ದ್ರಾವಣದಲ್ಲಿ ಮುಳುಗಿಸಿಟ್ಟಿದ್ದ ಕಪ್‌ಗಳನ್ನು ಒಳಗೆ ಕರೆದೊಯ್ದು ತೋರಿಸಿದರು. ಮನೆಯಲ್ಲಿ ಮದುವೆಯೋ ಗೃಹಪ್ರವೇಶವೋ ಹತ್ತಿರವಿದ್ದು, ಬೆನ್ನು ಕಾಣುವ ರವಿಕೆ ತೊಡುವುದಿದ್ದರೆ ಎರಡು ವಾರ ಮೊದಲೇ ಮುಗಿಸಿಕೊಳ್ಳಿ. ಫೋನಿನಲ್ಲಿ ಸಮಯ ಕಾದಿರಿಸುವಾಗ, ತಪಾಸಣೆ ಸೇರಿದಂತೆ ಕಪ್ಪಿಂಗ್ ಮಾತ್ರ ಸಾಕೆಂದು ಸ್ಪಷ್ಟವಾಗಿ ಹೇಳಿ. ಹತ್ತು ಸಲದ ಪ್ಯಾಕೇಜಿಗೆ ಮುಂಗಡ ಕೊಟ್ಟರೆ ರಿಯಾಯಿತಿ ಉಂಟೆಂದು ಅವರು ಹೇಳಿಯೇ ಹೇಳುತ್ತಾರೆ. ಮೊದಲ ಸಲ ಬೆನ್ನಿಗೆ ಏನಾಯಿತೆಂದು ಒಂದು ವಾರ ನೋಡಿಕೊಂಡು, ಆಮೇಲೆ ತೀರ್ಮಾನಿಸಿ.